ಗಣಕಯಂತ್ರವೂ ರೈತನ ಪಹಣಿಯೂ

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯೇ ಮೊದಲಾದ ಗ್ರಾಮಗಳಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗಳನ್ನು ಬೆಳೆದುಕೊಂಡು ಬಂದ ಭೂಮಿಯ ಬೆಲೆಯು, 2008ನೆಯ ಇಸವಿಯಲ್ಲಿ ಇದೇ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ತೆರೆದ ಮೇಲೆ, ಹಿರಿಯರು ಕನಸಿನಲ್ಲಿಯೂ ಎಣಿಸದಷ್ಟು ಏರಿರುವುದು. ಹಿಂದೆ ಬದುವನ್ನು ಕಾದವನು ಜಮೀನನ್ನು ಕಾದಂತೆ ಆಗುತ್ತಿತ್ತು. ಈಗ ಬದುವಿನೊಡನೆ ಪಹಣಿಯನ್ನೂ ಕಾಯಬೇಕಾಗಿದೆ. ಏತಕ್ಕೆಂದರೆ, 1964ನೆಯ ಇಸವಿಯ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ, ಹಕ್ಕುದಾಖಲೆಯಲ್ಲಿ ಬರೆದಿರುವುದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸಲ್ಪಡುವುದು. ಆ ಪಹಣಿಯಾದರೋ ಈಗ ಶ್ಯಾನುಭೋಗರ ಪೆಟ್ಟಿಗೆಯಲ್ಲಿಲ್ಲ, ಗಣಕಯಂತ್ರದಲ್ಲಿದೆ. ಆದುದರಿಂದ ಈ ಯಂತ್ರದೊಳಕ್ಕೆ ಬರವಣಿಗೆಯು ಹೇಗೆ ಹೋಗುವುದು, ಎಲ್ಲಿ ನಿಲ್ಲುವುದು, ಹೇಗೆ ಹೊರಕ್ಕೆ ಬರುವುದು ಎಂಬ ಮೂರು ಸಂಗತಿಗಳನ್ನು ಗ್ರಾಮದ ಮುಖಂಡರೂ ಜಮೀನುಳ್ಳವರೂ ತಿಳಿದಿರುವುದು ಅತ್ಯವಶ್ಯಕವು.

ಹಿಂದಿನ ಕ್ರಮ

ಲೆಕ್ಕವನ್ನು ಬರೆಯುವುದು, ಇಡುವುದು, ಬೇಕಾದಾಗ ತೆಗೆದು ಓದುವುದು—ಈ ಮೂರು ಕೆಲಸಗಳು ನಮ್ಮ ದೇಶಕ್ಕೆ ಹೊಸವಲ್ಲ. ದಾನವಾಗಿ ಬಂದ ಭೂಮಿಯ ಎಲ್ಲೆಯನ್ನು ಪೂರ್ವಿಕರು ಶಿಲೆಯ ಮೇಲೆ ಕೊರೆಯಿಸಿ ನಿಲ್ಲಿಸುತ್ತಿದ್ದರು. ತರುವಾಯದ ಕಾಲದಲ್ಲಿ ಶ್ಯಾನುಭೋಗರೂ ವರ್ತಕರೂ ಕಡತಗಳನ್ನು ಉಪಯೋಗಿಸಿದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದರೆ ಅದೇ ಕಡತವು. ಅದರ ಮೇಲೆ ಬಳಪದಿಂದ ಬರೆಯಬಹುದಾಗಿತ್ತು. ಬೇಡವಾದರೆ ಒರೆಸಿ ಪುನಃ ಬರೆಯಲೂಬಹುದಾಗಿತ್ತು. ಕಛೇರಿಗಳಲ್ಲಿ ಕಾಗದಗಳ ಕಟ್ಟಿಗೆ ಕಡತವೆಂಬ ಹೆಸರು ಇಂದಿಗೂ ಉಳಿದಿರುವುದನ್ನು ಎಲ್ಲರೂ ಬಲ್ಲರು.

ಇವೆರಡಕ್ಕೂ ಗುಣವೂ ಉಂಟು, ದೋಷವೂ ಉಂಟು. ಕಲ್ಲು ಸಾವಿರ ವರುಷ ನಿಲ್ಲುವುದು, ಆದರೆ ಹಿಡಿಯುವುದು ಕೆಲವೇ ಸಾಲು. ಕಡತವು ಬಹಳ ಹಿಡಿಯುವುದು, ಆದರೆ ಒರೆಸುವವನ ಕೈಗೆ ಅಡ್ಡಿಯಿಲ್ಲ. ಕಾಗದದ ಪುಸ್ತಕಗಳು ಬಂದ ಮೇಲೆಯೂ ಗೆದ್ದಲು, ತೇವ, ತಿದ್ದುವ ಕೈ ಎಂಬ ಮೂವರು ಶತ್ರುಗಳು ತಪ್ಪಲಿಲ್ಲ. 1961ನೆಯ ಇಸವಿಯ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, ಗ್ರಾಮಲೆಕ್ಕಿಗರು ನೇಮಕವಾದರು. ರಾಜ್ಯದಲ್ಲಿ ಇವರ ಸಂಖ್ಯೆ ಸುಮಾರು 9,000. ಒಬ್ಬೊಬ್ಬರ ವಶದಲ್ಲಿ ಮೂರು ನಾಲ್ಕು ಗ್ರಾಮಗಳ ಪುಸ್ತಕಗಳಿದ್ದು, ಅವರು ಸಿಕ್ಕಿದ ದಿನವೇ ರೈತನಿಗೆ ನಕಲು ಸಿಕ್ಕುವ ದಿನವಾಗಿತ್ತು.

ಈ ಕಷ್ಟದ ನಿವಾರಣೆಗಾಗಿ ಸರ್ಕಾರದವರು ಭೂಮಿ ಎಂಬ ಯೋಜನೆಯನ್ನು ಕೈಕೊಂಡರು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರಚಿಸಿಕೊಟ್ಟರು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು, ಆಗ ಇದ್ದ 177 ತಾಲ್ಲೂಕುಗಳಲ್ಲಿ, 2002ನೆಯ ಇಸವಿಯ ವೇಳೆಗೆ ಗಣಕಯಂತ್ರಕ್ಕೆ ಸೇರಿದವು. ಯಂತ್ರವು ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯು ನಿಂತುಹೋಯಿತು.

ಒಳಸೇರಿಸುವ ಸಾಧನಗಳು

ಯಂತ್ರದೊಳಕ್ಕೆ ವಿಷಯವನ್ನು ಸೇರಿಸುವ ಉಪಕರಣಗಳಿಗೆ ಇನ್‌ಪುಟ್ ಸಾಧನಗಳೆಂದು ಹೆಸರು. ಇವುಗಳಲ್ಲಿ ಮುಖ್ಯವಾದುದು ಕೀಲಿಮಣೆ. ಕೀಲಿಯನ್ನು ಒತ್ತಿದೊಡನೆ ಯಂತ್ರಕ್ಕೆ ಅಕ್ಷರವು ಹೋಗುವುದಿಲ್ಲ, ಅಕ್ಷರದ ಅಂಕಿಯು ಹೋಗುವುದು. ಯಂತ್ರವು ಅರಿತಿರುವುದು ವಿದ್ಯುತ್ತು ಉಂಟು, ಇಲ್ಲ ಎಂಬ ಎರಡನ್ನು ಮಾತ್ರ. ಇವನ್ನೇ ಒಂದು, ಸೊನ್ನೆ ಎಂದು ಬರೆಯುವರು. ಅಂತಹ ಎಂಟು ಗುರುತುಗಳು ಸೇರಿದರೆ ಒಂದು ಬೈಟು. ಈಗ ರೂಢಿಯಲ್ಲಿರುವ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಪ್ರತಿಯೊಂದು ಗುಣಿತದ ಗುರುತಿಗೂ ಸಾಮಾನ್ಯವಾಗಿ ಮೂರು ಮೂರು ಬೈಟುಗಳು ಹಿಡಿಯುವುವು. ಬೂದಿಗೆರೆ ಎಂಬ ಹೆಸರಿನಲ್ಲಿ ನಾಲ್ಕು ವ್ಯಂಜನಗಳೂ ನಾಲ್ಕು ಸ್ವರಚಿಹ್ನೆಗಳೂ ಇರುವುದರಿಂದ ಅದಕ್ಕೆ 24 ಬೈಟುಗಳು ಸಾಕು.

ಕೈಯಿಂದ ಅದುಮುವ ಕೀಲಿಯು ಮೊದಲ ಸಾಧನವಲ್ಲ. 1890ನೆಯ ಇಸವಿಯ ಅಮೆರಿಕದ ಜನಗಣತಿಯಲ್ಲಿ ಹಾಲೆರಿತ್ ಎಂಬಾತನು ದಪ್ಪ ಕಾಗದದ ಕಾರ್ಡುಗಳಲ್ಲಿ ರಂಧ್ರಗಳನ್ನು ಮಾಡಿ, ಆ ರಂಧ್ರಗಳನ್ನು ವಿದ್ಯುತ್ ಯಂತ್ರವು ಎಣಿಸುವಂತೆ ಏರ್ಪಡಿಸಿದ್ದನು. ರಂಧ್ರವು ತಪ್ಪಿದ ಸ್ಥಳದಲ್ಲಿ ಬಿದ್ದರೆ ಎಣಿಕೆಯೂ ತಪ್ಪುತ್ತಿತ್ತು. ಕೀಲಿಮಣೆಯ ವಿಷಯವೂ ಹಾಗೆಯೇ.

ಎರಡನೆಯದು ಸ್ಕ್ಯಾನರ್ ಯಂತ್ರವು. ಇದು ಕಾಗದದ ಮೇಲೆ ಬೆಳಕನ್ನು ಹಾಯಿಸಿ, ಮರಳಿ ಬಂದ ಬೆಳಕಿನ ಹೆಚ್ಚುಕಡಮೆಯನ್ನು ಚುಕ್ಕೆ ಚುಕ್ಕೆಯಾಗಿ ಅಳೆದು, ಕಾಗದದ ಪ್ರತಿಬಿಂಬವನ್ನು ಸಿದ್ಧಪಡಿಸುವುದು. ಮ್ಯುಟೇಷನ್ ಎಂದರೆ ಖಾತೆ ಬದಲಾವಣೆಯ ಹುಕುಮನ್ನೂ, ನೋಟೀಸು ತಲಪಿದುದಕ್ಕೆ ಪಡೆದ ಸಹಿಯನ್ನೂ ಭೂಮಿ ಯೋಜನೆಯಲ್ಲಿ ಹೀಗೆ ಸೇರಿಸಿಡುವ ಏರ್ಪಾಡು ಇರುವುದರಿಂದ, ನನಗೆ ತಿಳಿವಳಿಕೆಯೇ ಬರಲಿಲ್ಲವೆಂದು ಹೇಳುವವನ ಮಾತನ್ನೂ, ತಲಪಿಸಿದೆನೆಂದು ಸುಳ್ಳು ಹೇಳುವವನ ಮಾತನ್ನೂ ಪರೀಕ್ಷಿಸಬಹುದು. 2024ನೆಯ ಇಸವಿಯಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯ ಮೂಲಕ ತಾಲ್ಲೂಕು ಕಛೇರಿಗಳ ಹಳೆಯ ಕಾಗದಪತ್ರಗಳನ್ನೂ ಇದೇ ಬಗೆಯಾಗಿ ಯಂತ್ರಕ್ಕೆ ಸೇರಿಸುವ ಕಾರ್ಯವು ಮೊದಲಾಯಿತು.

ಮೂರನೆಯದು ಬೆರಳಚ್ಚಿನ ಸಾಧನ. ಭೂಮಿ ಯೋಜನೆಯಲ್ಲಿ ನೌಕರನು ಬೆರಳನ್ನು ಒತ್ತಿದ ಮೇಲೆಯೇ ಯಂತ್ರವು ಆತನನ್ನು ಒಳಕ್ಕೆ ಬಿಡುವಂತೆ ಏರ್ಪಡಿಸಿರುವುದರಿಂದ, ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದು ಉಳಿದಿರುವುದು. ಕಡತದ ಕಾಲದಲ್ಲಿ ಒರೆಸಿದ ಕೈಗೆ ಗುರುತಿರಲಿಲ್ಲ, ಈಗ ಉಂಟು. ಇದೇ ಕಾರಣದಿಂದ ರೈತನೂ ಒಂದನ್ನು ನೆನಪಿನಲ್ಲಿಡಬೇಕು. ಯಂತ್ರದ ಮೇಲೆ ಹೆಬ್ಬೆರಳಿಡುವುದು ರುಜು ಹಾಕುವುದಕ್ಕೆ ಸಮವು. ಯಾವ ಕಾರ್ಯಕ್ಕೆಂದು ತಿಳಿಯದೆ ಯಾರ ಯಂತ್ರಕ್ಕೂ ಬೆರಳನ್ನು ಕೊಡತಕ್ಕದ್ದಲ್ಲ.

ನಾಲ್ಕನೆಯದು ರೈತನ ಜೇಬಿನಲ್ಲಿಯೇ ಇರುವ ಮೊಬೈಲು ದೂರವಾಣಿ. ಅದರ ಕ್ಯಾಮೆರಾವು ಕಣ್ಣಾಗಿಯೂ, ಉಪಗ್ರಹಗಳ ಸಂಕೇತದಿಂದ ಸ್ಥಳವನ್ನು ಗೊತ್ತುಮಾಡುವ ಜಿಪಿಎಸ್ ಕಿವಿಯಾಗಿಯೂ ಇರುವುದು. 2020ನೆಯ ಇಸವಿಯ ಮುಂಗಾರಿನಲ್ಲಿ, ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ಚಿತ್ರಸಹಿತವಾಗಿ ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪ್ ಬಳಕೆಗೆ ಬಂದಿತು. ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವುಗಳಿಗೆ ಈ ಸಮೀಕ್ಷೆಯ ದಾಖಲೆಯನ್ನು ಉಪಯೋಗಿಸುವುದುಂಟು. ರಾಗಿ ಬೆಳೆದ ಹೊಲವು ಯಂತ್ರದಲ್ಲಿ ಬೀಳೆಂದು ಸೇರಿದ್ದರೆ, ಮಾರುವ ದಿನದಲ್ಲಿ ಕಷ್ಟವು ತಪ್ಪದು.

ಶೇಖರಿಸುವ ಸಾಧನಗಳು

ಒಳಕ್ಕೆ ಹೋದ ವಿಷಯವು ನಿಲ್ಲುವುದಕ್ಕೆ ಯಂತ್ರದಲ್ಲಿ ಎರಡು ಬಗೆಯ ಸ್ಥಳಗಳಿವೆ. ಒಂದನ್ನು ರೈತನ ಕಣಕ್ಕೂ, ಇನ್ನೊಂದನ್ನು ಹಗೇವಿಗೂ ಹೋಲಿಸಬಹುದು. ಕಣದಲ್ಲಿ ಒಕ್ಕುವ ಕೆಲಸವು ಬೇಗನೆ ಸಾಗುವುದು, ಆದರೆ ಧಾನ್ಯವನ್ನು ಅಲ್ಲಿಯೇ ಬಿಟ್ಟರೆ ಮಳೆಯ ಪಾಲು. ಹಾಗೆಯೇ ಯಂತ್ರವು ಕೆಲಸ ಮಾಡುವ ತಾತ್ಕಾಲಿಕ ಸ್ಮೃತಿಯಲ್ಲಿ ಇರುವುದೆಲ್ಲವೂ ವಿದ್ಯುತ್ತು ನಿಂತೊಡನೆ ಅಳಿಸಿಹೋಗುವುದು. ಸ್ಥಿರವಾಗಿ ಉಳಿಯಬೇಕಾದುದನ್ನು ಹಗೇವಿಗೆ ತುಂಬುವಂತೆ ಹಾರ್ಡ್ ಡಿಸ್ಕಿಗೆ ಸೇರಿಸಬೇಕು. ಇದರಲ್ಲಿ ಕಾಂತದ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುವುವು. ಅವುಗಳ ಮೇಲೆ ತಾಗಿಯೂ ತಾಗದಂತೆ ಚಲಿಸುವ ಒಂದು ಸೂಕ್ಷ್ಮವಾದ ಕೈಯು ಗುರುತುಗಳನ್ನು ಮೂಡಿಸುವುದು, ಓದುವುದು. ಪೆನ್ ಡ್ರೈವ್‌ನಲ್ಲಿಯೂ ಮೊಬೈಲಿನಲ್ಲಿಯೂ ತಿರುಗುವ ಭಾಗವಿಲ್ಲ. ಅವುಗಳೊಳಗಿನ ಸಣ್ಣ ಕೋಶಗಳಲ್ಲಿ ವಿದ್ಯುತ್ತಿನ ಅಂಶವೇ ನಿಂತಿರುವುದು.

1956ನೆಯ ಇಸವಿಯಲ್ಲಿ ಅಮೆರಿಕದ ಐಬಿಎಂ ಕಂಪನಿಯವರು ಮಾಡಿದ ಮೊದಲನೆಯ ಡಿಸ್ಕು ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದು, ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಈಗ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಬೂದಿಗೆರೆಯ ಹೆಸರನ್ನು 4,000 ಕೋಟಿಗೂ ಹೆಚ್ಚು ಸಲ ಬರೆಯಬಹುದು. ಆದರೆ ಈ ಡಿಸ್ಕಿಗೆ ಕಲ್ಲಿನ ಆಯುಸ್ಸಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸವೆಯುವುದು; ಒಮ್ಮೊಮ್ಮೆ ಮುನ್ಸೂಚನೆಯಿಲ್ಲದೆ ನಿಲ್ಲುವುದು. ಇದಕ್ಕೆ ಉಪಾಯವು ಪ್ರತಿಗಳನ್ನು ಮಾಡಿ ಬೇರೆ ಬೇರೆ ಸ್ಥಳಗಳಲ್ಲಿ ಇಡುವುದೊಂದೇ. ಧಾನ್ಯವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬುವ ರೈತನನ್ನು ವಿವೇಕಿಯೆಂದು ಯಾರೂ ಹೇಳುವುದಿಲ್ಲ. ಮೊದಲು ತಾಲ್ಲೂಕು ಕಛೇರಿಯ ಯಂತ್ರದಲ್ಲಿ ನಿಂತಿದ್ದ ಭೂಮಿಯ ದಾಖಲೆಯು ತರುವಾಯ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೂ ಸೇರಿತು.

ಹೊರಡಿಸುವ ಸಾಧನಗಳು

ಯಂತ್ರದಲ್ಲಿರುವುದನ್ನು ಮನುಷ್ಯನ ಕಣ್ಣಿಗೆ ಕಾಣಿಸುವ ಉಪಕರಣಗಳು ಔಟ್‌ಪುಟ್ ಸಾಧನಗಳು. ಪರದೆ ಎಂದರೆ ಮಾನಿಟರ್, ಮತ್ತು ಮುದ್ರಿಸುವ ಪ್ರಿಂಟರ್ ಇವೆರಡು ಮುಖ್ಯವಾದುವು. ಭೂಮಿ ಕೇಂದ್ರಗಳಲ್ಲಿ ನೌಕರನ ಕಡೆಗೆ ಒಂದು ಪರದೆಯನ್ನೂ, ಎದುರಿಗೆ ನಿಂತ ರೈತನ ಕಡೆಗೆ ಇನ್ನೊಂದು ಪರದೆಯನ್ನೂ ಇರಿಸಿದ ಏರ್ಪಾಡು ಗಮನಿಸತಕ್ಕದ್ದು. ಒಳಕ್ಕೆ ಏನು ಹೋಗುತ್ತಿದೆಯೆಂಬುದನ್ನು ಭೂಮಿಯ ಒಡೆಯನು ಆ ಕ್ಷಣದಲ್ಲಿಯೇ ನೋಡಲಿ ಎಂಬುದೇ ಅದರ ಉದ್ದೇಶವು. ಆಗ ಪಹಣಿಯ ಮುದ್ರಿತ ಪ್ರತಿಗೆ 15 ರೂಪಾಯಿ ಶುಲ್ಕವಿದ್ದಿತು. ಈಗ ನಾಡಕಚೇರಿಯಲ್ಲಿಯೂ, ಮನೆಯಲ್ಲಿ ಕುಳಿತು ಅಂತರ್ಜಾಲದ ಮೂಲಕವೂ ಪ್ರತಿಯನ್ನು ಪಡೆಯಬಹುದು.

ಯಂತ್ರಕ್ಕೆ ತಿಳಿಯದ ಸಂಗತಿ

ಹಗೇವಿಗೆ ಜೊಳ್ಳನ್ನು ತುಂಬಿದರೆ ಹೊರಕ್ಕೆ ಬರುವುದು ಜೊಳ್ಳೇ. ಅಚ್ಚುಕಟ್ಟಾಗಿ ಮುದ್ರಿತವಾಗಿ ಬಂದುದರಿಂದ ಬರವಣಿಗೆಯು ನಿಜವೆಂದು ನಂಬುವುದು ದೊಡ್ಡ ಭ್ರಾಂತಿಯು. ಭೂಮಿ ಯೋಜನೆಯ ಆರಂಭದಲ್ಲಿ ಗ್ರಾಮಲೆಕ್ಕಿಗರು ಮುದ್ರಿತ ಪ್ರತಿಗಳನ್ನು ಮೂಲ ಪುಸ್ತಕಗಳೊಡನೆ ಹೋಲಿಸಿ ತಿದ್ದಿದರಾದರೂ, ಮೂಲದಲ್ಲಿಯೇ ಇದ್ದ ತಪ್ಪು ಹಾಗೆಯೇ ಒಳಕ್ಕೆ ಹೋಯಿತು.

ಒಂದು ದೃಷ್ಟಾಂತವನ್ನು ನೋಡುವ. ಬೂದಿಗೆರೆಯ ಒಬ್ಬ ರೈತನಿಗೆ 21 ಗುಂಟೆಯ ಹಿಡುವಳಿ ಇದೆಯೆಂದು ಭಾವಿಸೋಣ. ಅಂಕಿಗಳು ಹಿಂದುಮುಂದಾಗಿ 12 ಎಂದು ಬಿದ್ದರೆ ಬರವಣಿಗೆಯಲ್ಲಿ 9 ಗುಂಟೆ ಕಡಮೆಯಾಗುವುದು. ಗುಂಟೆಗೆ 1,089 ಚದರ ಅಡಿಯಾದುದರಿಂದ ಇದು 9,801 ಚದರ ಅಡಿ. ಹೊಲದಲ್ಲಿ ಬದು ಅಲುಗಲಿಲ್ಲ, ನೆರೆಯವನು ಒತ್ತಲಿಲ್ಲ. ಎರಡು ಕೀಲಿಗಳು ಸ್ಥಾನ ಬದಲಿಸಿದುವು, ಅಷ್ಟೆ. ಆದರೆ ಆ ರೈತನು ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳುವ ದಿನ, ಅಥವಾ ರಸ್ತೆಗಾಗಿ ಭೂಸ್ವಾಧೀನದ ನೋಟೀಸು ಬಂದ ದಿನ, ಆ ತಪ್ಪು ಎದ್ದು ನಿಲ್ಲುವುದು. ಆಗ ಅದನ್ನು ಸುಳ್ಳೆಂದು ಸಾಧಿಸುವ ಭಾರವು ಮನೆಯವರ ಮೇಲೆಯೇ.

ಜಮೀನುಳ್ಳವರ ಕರ್ತವ್ಯ

ಆದುದರಿಂದ ಪ್ರತಿಯೊಬ್ಬ ಹಿಡುವಳಿದಾರನೂ ವರ್ಷಕ್ಕೊಂದಾವರ್ತಿ ತನ್ನ ಪಹಣಿಯನ್ನು ತೆಗೆಸಿ, ಓದಿ, ಅಥವಾ ನಂಬಿಕೆಯುಳ್ಳವರಿಂದ ಓದಿಸಿ ಕೇಳತಕ್ಕದ್ದು. ಮೊದಲ ಮೂರು ಕಾಲಮುಗಳಲ್ಲಿ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ. ಒಂಭತ್ತರಲ್ಲಿ ಒಡೆಯನ ಹೆಸರು. ಹತ್ತರಲ್ಲಿ ಹಕ್ಕು ಬಂದ ಬಗೆ. ಹನ್ನೊಂದರಲ್ಲಿ ಸಾಲವೇ ಮೊದಲಾದ ಋಣಗಳು. ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ತೀರಿಸಿದ ಸಾಲವು ಹನ್ನೊಂದರಲ್ಲಿ ಇನ್ನೂ ನಿಂತಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ತೀರಿಕೊಂಡವರ ಹೆಸರನ್ನು ಯಂತ್ರವು ತಾನಾಗಿ ತೆಗೆಯುವುದಿಲ್ಲ. ಮರಣದ ಸುದ್ದಿಯು ಅದಕ್ಕೆ ತಿಳಿಯದು. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದೆಂದು ಕಾಯಿದೆಯ 128ನೆಯ ಪ್ರಕರಣವು ಹೇಳುವುದು. ಅಜ್ಜನ ಹೆಸರಿನಲ್ಲಿಯೇ ಪಹಣಿಯನ್ನು ಬಿಟ್ಟಿರುವ ಮನೆಗಳವರು ಪೌತಿ ಖಾತೆಗೆ ಬೇಗನೆ ಅರ್ಜಿ ಕೊಡುವುದು ಕ್ಷೇಮಕರವು. ಬರವಣಿಗೆಯ ತಪ್ಪು ಕಂಡರೆ ಆಧಾರಪತ್ರಗಳೊಡನೆ ತಹಸೀಲ್ದಾರರ ಕಛೇರಿಗೆ ಅರ್ಜಿ ಸಲ್ಲಿಸಬೇಕು. ಖಾತೆ ಬದಲಾವಣೆಯ ನೋಟೀಸು ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ತಕರಾರನ್ನು ಬರಹದಲ್ಲಿ ಕೊಡಬೇಕು. ಹುಕುಮೇ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿಗೆ ಅವಕಾಶವುಂಟು.

ಕ್ರಯಪತ್ರ, ವಿಭಾಗಪತ್ರ, ಮ್ಯುಟೇಷನ್ ನಕಲುಗಳ ಮೂಲಪ್ರತಿಗಳನ್ನು ಗೆದ್ದಲು ಹತ್ತದ ಪೆಟ್ಟಿಗೆಯಲ್ಲಿಯೂ, ಅವುಗಳ ಪ್ರತಿಬಿಂಬವನ್ನು ಪೆನ್ ಡ್ರೈವ್‌ನಲ್ಲಿಯೂ ಇಟ್ಟು, ಇನ್ನೊಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿರಿಸುವುದು ಉತ್ತಮವು. ಯಂತ್ರದೊಡನೆ ವ್ಯಾಜ್ಯ ಬಂದಾಗ ಸಾಕ್ಷಿಯಾಗಿ ನಿಲ್ಲುವುದು ಈ ಕಾಗದಗಳೇ.

ಗ್ರಾಮದ ಮುಖಂಡರಿಂದ ಆಗಬಹುದಾದ ಉಪಕಾರವು ಇನ್ನೂ ದೊಡ್ಡದು. ಸುಗ್ಗಿ ಮುಗಿದ ಮೇಲೆ ಒಂದು ದಿನ ಊರಿನ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿ, ಗ್ರಾಮ ಆಡಳಿತ ಅಧಿಕಾರಿಗಳನ್ನೂ ಬರಮಾಡಿಕೊಂಡು, ಒಂದೊಂದು ಪಹಣಿಯನ್ನೂ ಗಟ್ಟಿಯಾಗಿ ಓದಿಸಿದರೆ, ಅಕ್ಷರ ಬಾರದ ವಿಧವೆಗೂ, ದೂರದ ಊರಿನಲ್ಲಿ ಕೂಲಿಯಲ್ಲಿರುವವನ ಮುದಿ ತಂದೆಗೂ ತಮ್ಮ ಭೂಮಿಯು ಯಂತ್ರದಲ್ಲಿ ಯಾರ ಹೆಸರಿನಲ್ಲಿದೆಯೆಂಬುದು ಅಂದೇ ತಿಳಿಯುವುದು. ಕಲ್ಲಿನ ಮೇಲೆ ಕೊರೆದ ಕಾಲದಲ್ಲಿಯೂ ಬರವಣಿಗೆಯನ್ನು ಊರ ನಡುವೆ ನಿಲ್ಲಿಸಿದುದು ಎಲ್ಲರೂ ಓದಲೆಂದೇ. ಯಂತ್ರದ ಕಾಲದಲ್ಲಿಯೂ ಓದುವ ಕಣ್ಣು ಮನುಷ್ಯನದಾಗಿಯೇ ಇರಬೇಕು.