ಮರ, ಗದ್ದೆ, ಮನೆ: ಘಟ್ಟದ ಮೇಲಿನ ಊರಹೆಸರುಗಳು

ಶಿರಸಿಯಿಂದ ಸಿದ್ದಾಪುರದ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಕಾನಸೂರು ಸಿಗುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲೇ ಬಿದ್ರಕಾನ, ಕಾನಗೋಡಗಳೂ ಇವೆ. ವರ್ಷವಿಡೀ ಹಸಿರಾಗಿರುವ ದಟ್ಟ ಕಾಡನ್ನು ಮಲೆನಾಡಿಗರು ಕಾನು ಎನ್ನುತ್ತಾರೆ. ಬಿದ್ರಕಾನದಲ್ಲಿ ಬಿದಿರೂ ಸೇರಿಕೊಂಡಿದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯಲ್ಲಿ ವೆರ್ನಿಗೆರೋಡೆಯಂಥ ‘ರೋಡೆ’ ಊರುಗಳು ಹಲವು. ರೋಡೆ ಎಂದರೆ ಕಾಡು ಕಡಿದು ಮಾಡಿದ ನೆಲ. ನಮ್ಮ ಘಟ್ಟದ ಮೇಲಿನ ಹೆಸರುಗಳಲ್ಲಿ ಕೊಡಲಿಯ ಸುದ್ದಿ ಕಡಿಮೆ, ಮರದ ಸುದ್ದಿಯೇ ಹೆಚ್ಚು.

ಶಿರಸಿಯ ಮತ್ತಿಘಟ್ಟ, ಹುಣಸೇಕೊಪ್ಪ, ಸಿದ್ದಾಪುರದ ಅಣಲೇಬೈಲು, ಬಾಳೇಸರ, ಯಲ್ಲಾಪುರದ ಮಾವಿನಮನೆ ನೋಡಿ. ಕ್ಯಾದಗಿಯಲ್ಲಿ ಕೇದಗೆಯ ಪರಿಮಳವಿದೆ. ಶಿರಸಿಗೂ ಶಿರೀಷ ಮರವೇ ಮೂಲ ಎಂಬ ಮಾತು ರೂಢಿಯಲ್ಲಿದೆ.

ಹೆಸರಿನ ಮುಂಭಾಗ ಮರವಾದರೆ ಹಿಂಭಾಗ ನೆಲದ ಲಕ್ಷಣ. ಬೈಲು ಎಂದರೆ ತಗ್ಗಿನ ಬಯಲು, ಕೊಪ್ಪವೆಂದರೆ ಸಣ್ಣ ಊರು. ಕೊಡ್ನಗದ್ದೆ, ಹಲಗದ್ದೆಗಳಲ್ಲಿ ಗದ್ದೆಯಿದೆ, ಹೆಗಡೆಕಟ್ಟಾದಲ್ಲಿ ಕಟ್ಟೆಯಿದೆ. ಹಿತ್ಲಳ್ಳಿ, ದೇವನಳ್ಳಿಗಳಲ್ಲಿ ‘ಹಳ್ಳಿ’ ನಾಲಿಗೆಯ ಮೇಲೆ ಸವೆದು ‘ಳ್ಳಿ’ಯಷ್ಟೇ ಉಳಿದಿದೆ.

ಇಲ್ಲಿಯ ಊರು ಒತ್ತೊತ್ತಾಗಿ ಕಟ್ಟಿದ ಮನೆಗಳ ಬೀದಿಯಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ತಲೆಯ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ನಾಲ್ಕಾರು ಮನೆಯಿದ್ದರೂ ಅದೊಂದು ಊರೇ. ಹಾಗಾಗಿ ಮನೆಯ ಹೆಸರು, ತೋಟದ ಹೆಸರು ಊರಿನದಾಗುವುದಕ್ಕೆ ತಡವಾಗಲಿಲ್ಲ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಹುಟ್ಟೂರು ಸಿದ್ದಾಪುರದ ದೊಡ್ಮನೆ. ಯಕ್ಷಗಾನ ಗುರು ಮಂಜುನಾಥ ಭಾಗವತರು ನಾಡಿಗೆಲ್ಲ ಪರಿಚಯವಾದದ್ದು ಹೊಸ್ತೋಟದವರಾಗಿ. ಹೊಸ ತೋಟ ಎಂಬಷ್ಟೇ ಸರಳ ಹೆಸರದು.

ಅರಮನೆ, ಮಠಗಳು ಬಂದಲ್ಲಿ ಸಂಸ್ಕೃತವೂ ಬಂತು. ಕದಂಬರ ಬನವಾಸಿ ವೈಜಯಂತಿಯಾಯಿತು, ಸೋದೆ ಎಂದೂ ಕರೆಯುವ ಸೋಂದಾ ಸುಧಾಪುರವಾಯಿತು, ಬಿಳಗಿ ಶ್ವೇತಪುರವಾಯಿತು. ಶಾಸನ, ಕಾವ್ಯಗಳಿಗೆ ಆ ಹೆಸರು ಒಪ್ಪಿತು. ಸಂತೆಗೆ ಹೊರಟವರು ಮಾತ್ರ ಬನವಾಸಿ, ಸೋಂದಾ, ಬಿಳಗಿ ಎಂದೇ ಟಿಕೆಟ್ ಕೇಳುತ್ತ ಬಂದಿದ್ದಾರೆ.

ಬೆಂಗಳೂರಿನ ಮದುವೆಮನೆಯಲ್ಲಿ ಈ ಸೀಮೆಯ ಇಬ್ಬರು ಎದುರಾದರೆ ಮೊದಲ ಪ್ರಶ್ನೆ, ‘ಯಾವೂರಾತು?’ ‘ಶಿರಸಿ ಬದಿ’ ಎಂದರೆ ಸಾಲದು. ಸೀಮೆ, ಊರು, ಕೇರಿ, ಕೊನೆಗೆ ಮನೆಯ ಹೆಸರು ಹೇಳುವವರೆಗೂ ವಿಚಾರಣೆ ನಿಲ್ಲುವುದಿಲ್ಲ. ಅಷ್ಟರಲ್ಲಿ ಒಂದು ನೆಂಟಸ್ತಿಕೆಯೂ ಸಿಕ್ಕಿರುತ್ತದೆ.