ಪಿಸಿಓಎಸ್ ಮತ್ತು ಗರ್ಭಧಾರಣೆ: ಅಂಡೋತ್ಪತ್ತಿಯ ದಿನವನ್ನು ಗುರುತಿಸುವುದು ಹೇಗೆ, ಎಲ್ಲಿಯವರೆಗೆ?



ಮದುವೆಯಾಗಿ ಎರಡು-ಮೂರು ವರ್ಷಗಳು ಕಳೆದರೂ ಮಕ್ಕಳಾಗದ ದಂಪತಿಗಳು ನಮ್ಮ ಗ್ರಾಮಗಳಲ್ಲಿ ಇದ್ದಾರೆ. ಅಂತಹ ಮನೆಗಳಲ್ಲಿ ಹರಕೆ, ನಾಟಿ ಔಷಧ, ಪಟ್ಟಣದ ಆಸ್ಪತ್ರೆ ಎಂದು ಹಣವೂ ಕಾಲವೂ ವ್ಯಯವಾಗುತ್ತವೆ. ದೂರು ಮಾತ್ರ ಸೊಸೆಯ ಮೇಲೆಯೇ ಬರುತ್ತದೆ. ಗರ್ಭಧಾರಣೆ ತಡವಾಗಲು ಸಾಮಾನ್ಯವಾದ ಮತ್ತು ಬಹುಪಾಲು ಚಿಕಿತ್ಸೆಗೆ ಒಳಪಡುವ ಕಾರಣಗಳಲ್ಲಿ ಒಂದು ಪಿಸಿಓಎಸ್. ಜನರ ಬಾಯಲ್ಲಿ ಇದು ಪಿಸಿಓಡಿ. ಈ ತೊಂದರೆಯುಳ್ಳ ಮಹಿಳೆಯರು ಗರ್ಭಧಾರಣೆಗೆ ಸೂಕ್ತವಾದ ದಿನವನ್ನು ಗುರುತಿಸಲು ಬಳಸುವ ವಿಧಾನಗಳು ಯಾವುವು, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಯಾವಾಗ ವೈದ್ಯರ ಬಳಿಗೆ ಹೋಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಿಸಿಓಎಸ್ ಎಂದರೇನು?

ಪ್ರತಿ ಋತುಚಕ್ರದಲ್ಲಿ ಅಂಡಾಶಯದ ಹಲವು ಕೋಶಕಗಳು ಬೆಳೆಯಲಾರಂಭಿಸುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪೂರ್ಣವಾಗಿ ಬಲಿತು ಅಂಡಾಣುವನ್ನು ಹೊರಬಿಡುತ್ತದೆ. ಇದಕ್ಕೆ ಅಂಡೋತ್ಪತ್ತಿ ಎನ್ನುತ್ತಾರೆ. ಪಿಸಿಓಎಸ್ ಇರುವವರಲ್ಲಿ ಹಾರ್ಮೋನುಗಳ ಏರುಪೇರಿನಿಂದಾಗಿ ಕೋಶಕಗಳು ಅರ್ಧಕ್ಕೆ ನಿಲ್ಲುತ್ತವೆ. ಅಂಡಾಣುವಿನ ಬಿಡುಗಡೆ ತಡವಾಗುತ್ತದೆ ಅಥವಾ ಆಗುವುದೇ ಇಲ್ಲ. ಸ್ಕ್ಯಾನಿಂಗ್ ವರದಿ ನೋಡಿ ಜನರು ‘ನೀರುಗುಳ್ಳೆ’ ಎನ್ನುವುದು ಈ ಅರೆಬೆಳೆದ ಕೋಶಕಗಳನ್ನೇ. ಅವು ಇರುವುದು ಅಂಡಾಶಯದಲ್ಲಿ, ಗರ್ಭಕೋಶದಲ್ಲಲ್ಲ. ಅವು ಗೆಡ್ಡೆಗಳೂ ಅಲ್ಲ.

ಸ್ಟೀನ್ ಮತ್ತು ಲೆವೆಂತಾಲ್ ಎಂಬ ಅಮೆರಿಕದ ವೈದ್ಯರು 1935ರಲ್ಲಿ ಇದನ್ನು ವಿವರಿಸಿದರು. ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಅನೇಕರಿಗೆ ಈ ತೊಂದರೆ ಇರುತ್ತದೆ. ಸ್ಥೂಲಕಾಯದವರಲ್ಲಿ ಮಾತ್ರವಲ್ಲದೆ ತೆಳ್ಳಗಿರುವವರಲ್ಲಿಯೂ ಇದು ಕಂಡುಬರುತ್ತದೆ.

‘14ನೇ ದಿನ’ದ ಲೆಕ್ಕ ಏಕೆ ತಪ್ಪುತ್ತದೆ?

ಮುಟ್ಟಾದ ಮೊದಲ ದಿನದಿಂದ ಎಣಿಸಿ 14ನೇ ದಿನ ಅಂಡೋತ್ಪತ್ತಿ ಆಗುತ್ತದೆ ಎಂಬ ಮಾತು 28 ದಿನಗಳ ಚಕ್ರಕ್ಕೆ ಸರಿಹೊಂದುವ ಸರಾಸರಿ. ಅಂಡೋತ್ಪತ್ತಿಯಾದ ನಂತರ ಮುಂದಿನ ಮುಟ್ಟಿನವರೆಗಿನ ಅವಧಿಯು ಸುಮಾರು 14 ದಿನಗಳಿದ್ದು, ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಅದರ ಹಿಂದಿನ ಅವಧಿ. ಆದ್ದರಿಂದ 45 ದಿನಗಳ ಚಕ್ರವಿರುವ ಮಹಿಳೆಗೆ ಅಂಡೋತ್ಪತ್ತಿ ಆದರೆ ಅದು 31ನೇ ದಿನದ ಆಸುಪಾಸಿನಲ್ಲಿ ಆಗುತ್ತದೆ. ಮೊಬೈಲ್ ಆ್ಯಪ್‌ಗಳು ಹಿಂದಿನ ತಿಂಗಳುಗಳ ಸರಾಸರಿಯಿಂದ ದಿನವನ್ನು ಊಹಿಸುವುದರಿಂದ, ಏರುಪೇರಿನ ಚಕ್ರದಲ್ಲಿ ಆ ಊಹೆಯೂ ತಪ್ಪುತ್ತದೆ.

ಅಂಡಾಣು ಹೊರಬಂದ ಬಳಿಕ 12ರಿಂದ 24 ಗಂಟೆ ಮಾತ್ರ ಬದುಕಿರುತ್ತದೆ. ವೀರ್ಯಾಣು ಮಹಿಳೆಯ ದೇಹದಲ್ಲಿ ಐದು ದಿನಗಳವರೆಗೂ ಬದುಕಬಲ್ಲದು. ಹಾಗಾಗಿ ಗರ್ಭಧಾರಣೆಗೆ ಅವಕಾಶವಿರುವುದು ಅಂಡೋತ್ಪತ್ತಿಯ ದಿನ ಮತ್ತು ಅದರ ಹಿಂದಿನ ಐದು ದಿನಗಳು, ಒಟ್ಟು ಆರು ದಿನಗಳು.

ಬಳಕೆಯಲ್ಲಿರುವ ವಿಧಾನಗಳು

ಈ ವಿಧಾನಗಳಲ್ಲಿ ಎರಡು ಬಗೆಯಿದೆ: ಮುನ್ಸೂಚನೆ ಕೊಡುವಂಥವು ಮತ್ತು ಅಂಡೋತ್ಪತ್ತಿ ಆಯಿತೆಂದು ದೃಢಪಡಿಸುವಂಥವು. ನಮ್ಮ ನೀರು ಸರಬರಾಜಿನ ಉದಾಹರಣೆಯಿಂದ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪಂಪ್‌ಹೌಸಿನ ಪ್ಯಾನೆಲ್‌ನಲ್ಲಿ ದೀಪ ಉರಿದರೆ ಮೋಟಾರಿಗೆ ವಿದ್ಯುತ್ ಬಂದಿದೆ ಎಂದಷ್ಟೇ ಅರ್ಥ. ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿತೇ ಎಂಬುದನ್ನು ಟ್ಯಾಂಕಿನಲ್ಲಿಯೇ ನೋಡಬೇಕು.

1. ಎಲ್‌ಎಚ್ ಕಿಟ್: ಔಷಧಿ ಅಂಗಡಿಗಳಲ್ಲಿ ದೊರೆಯುವ ಈ ಪಟ್ಟಿಯು ಮೂತ್ರದಲ್ಲಿನ ಎಲ್‌ಎಚ್ ಹಾರ್ಮೋನನ್ನು ಅಳೆಯುತ್ತದೆ. ಈ ಹಾರ್ಮೋನು ಏರಿದ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡೋತ್ಪತ್ತಿ ಆಗಬೇಕು. ಆದರೆ ಪಿಸಿಓಎಸ್ ಇರುವ ಅನೇಕರಲ್ಲಿ ಎಲ್‌ಎಚ್ ಮಟ್ಟ ಮೊದಲಿನಿಂದಲೂ ಹೆಚ್ಚಿರುತ್ತದೆ. ಹಲವು ದಿನ ಸತತವಾಗಿ ಗಾಢ ಗೆರೆ ಬರಬಹುದು. ಹಾರ್ಮೋನು ಏರಿಯೂ ಅಂಡಾಣು ಹೊರಬರದಿರಬಹುದು. ಇದು ಪ್ಯಾನೆಲ್‌ನ ದೀಪವಿದ್ದಂತೆ. ಆಶಾ ಕಾರ್ಯಕರ್ತೆಯರ ಬಳಿ ಇರುವ ‘ನಿಶ್ಚಯ್’ ಕಿಟ್ ಗರ್ಭ ನಿಂತಿದೆಯೇ ಎಂದು ತಿಳಿಯಲು ಮಾತ್ರ. ಎರಡನ್ನೂ ಒಂದೇ ಎಂದು ಭಾವಿಸಬಾರದು.

2. ಬಿಳಿಸ್ರಾವದ ಗಮನಿಕೆ: ಅಂಡೋತ್ಪತ್ತಿಗೆ ಕೆಲವು ದಿನ ಮೊದಲು ಯೋನಿಸ್ರಾವವು ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಎಳೆದರೆ ಎಳೆಯಾಗುವಂತೆ ಇರುತ್ತದೆ. ಖರ್ಚಿಲ್ಲದ ಈ ವಿಧಾನವೂ ಮುನ್ಸೂಚನೆಯೇ. ಪಿಸಿಓಎಸ್‌ನಲ್ಲಿ ಇಂತಹ ಸ್ರಾವ ಒಂದೇ ಚಕ್ರದಲ್ಲಿ ಹಲವು ಬಾರಿ ಕಾಣಿಸಿಕೊಳ್ಳಬಹುದು. ತುರಿಕೆ, ದುರ್ವಾಸನೆ ಇದ್ದರೆ ಅದು ಸೋಂಕಿನ ಲಕ್ಷಣವಾಗಿರಬಹುದು, ವೈದ್ಯರಿಗೆ ತೋರಿಸಬೇಕು.

3. ಬೆಳಗಿನ ದೇಹದ ಉಷ್ಣತೆ: ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮುನ್ನ, ದಿನವೂ ಒಂದೇ ಹೊತ್ತಿಗೆ ಅಳೆಯಬೇಕು. ಅಂಡೋತ್ಪತ್ತಿಯ ನಂತರ ಉಷ್ಣತೆಯು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಂದಿನ ಮುಟ್ಟಿನವರೆಗೆ ಹಾಗೆಯೇ ಉಳಿಯುತ್ತದೆ. ಏರಿಕೆ ಬಹಳ ಚಿಕ್ಕದಾದ್ದರಿಂದ ಎರಡು ದಶಮಾಂಶ ಸ್ಥಾನ ತೋರಿಸುವ ಥರ್ಮಾಮೀಟರ್ ಬೇಕು. ನಿದ್ರೆ ಕೆಟ್ಟರೆ, ಜ್ವರ ಬಂದರೆ ಲೆಕ್ಕ ಕೆಡುತ್ತದೆ. ಅವಕಾಶದ ದಿನಗಳು ಕಳೆದ ಮೇಲೆಯೇ ಇದು ತಿಳಿಸುವುದಾದರೂ, ಅಂಡೋತ್ಪತ್ತಿ ಆಗಿರಬಹುದೆಂಬುದಕ್ಕೆ ಮನೆಯಲ್ಲಿಯೇ ದೊರೆಯುವ ಪುರಾವೆ ಇದು.

4. ಪ್ರೊಜೆಸ್ಟರೋನ್ ರಕ್ತಪರೀಕ್ಷೆ: ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ಮಾಡಬೇಕಾದ ದೃಢೀಕರಣ ಪರೀಕ್ಷೆ. 28 ದಿನಗಳ ಚಕ್ರದಲ್ಲಿ ಅದು 21ನೇ ದಿನ. ಆದರೆ 40 ದಿನಗಳ ಚಕ್ರದವರು 21ನೇ ದಿನವೇ ಪರೀಕ್ಷಿಸಿಕೊಂಡರೆ ಅಂಡೋತ್ಪತ್ತಿ ಆಗಿಲ್ಲವೆಂಬ ತಪ್ಪು ತೀರ್ಮಾನ ಬರಬಹುದು. ಅವರಿಗೆ 33ನೇ ದಿನದ ಆಸುಪಾಸು ಸರಿ. ಆದ್ದರಿಂದ ತನ್ನ ಚಕ್ರದ ಅವಧಿಯನ್ನು ವೈದ್ಯರಿಗೆ ತಿಳಿಸುವುದು ಅತ್ಯಗತ್ಯ.

5. ಕೋಶಕಗಳ ಸ್ಕ್ಯಾನಿಂಗ್: ಕೆಲವು ದಿನಗಳ ಅಂತರದಲ್ಲಿ ಸ್ಕ್ಯಾನ್ ಮಾಡಿ ಕೋಶಕದ ಬೆಳವಣಿಗೆ ಮತ್ತು ಬಿಡುಗಡೆಯನ್ನು ನೋಡುವ ಈ ವಿಧಾನವು ಹೆಚ್ಚು ಖಚಿತ. ಸಾಮಾನ್ಯವಾಗಿ ಚಿಕಿತ್ಸೆಯ ಜೊತೆಯಲ್ಲಿ ಇದನ್ನು ಮಾಡುತ್ತಾರೆ.

ಮುಟ್ಟಾಗುವುದೇ ಅಂಡೋತ್ಪತ್ತಿಗೆ ಸಾಕ್ಷಿಯಲ್ಲ ಎಂಬುದನ್ನೂ ಗಮನಿಸಬೇಕು. ಅಂಡಾಣು ಬಿಡುಗಡೆಯಾಗದೆಯೂ ರಕ್ತಸ್ರಾವ ಆಗಬಹುದು. ಮುಟ್ಟು ತಡವಾದಾಗ ‘ಪಿಸಿಓಡಿ ಇದ್ದೇ ಇದೆ’ ಎಂದು ಮುಟ್ಟು ಬರಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ಸರಿಯಲ್ಲ. ಮೊದಲು ಗರ್ಭಧಾರಣೆ ಪರೀಕ್ಷೆ ಆಗಬೇಕು.

ಎಲ್ಲಿಯವರೆಗೆ ಅಳೆಯಬೇಕು?

ಒಂದು ನೋಟ್‌ಬುಕ್ಕಿನಲ್ಲಿ ಮುಟ್ಟಾದ ದಿನಾಂಕಗಳನ್ನು ತಪ್ಪದೆ ಬರೆದಿಟ್ಟರೆ ಅದೇ ವೈದ್ಯರಿಗೆ ಬಹು ಉಪಯುಕ್ತ ದಾಖಲೆ. ದಿನ ಹುಡುಕುವ ಒತ್ತಡ ಬೇಡವೆನ್ನುವ ದಂಪತಿಗಳು ಎರಡು-ಮೂರು ದಿನಗಳಿಗೊಮ್ಮೆ ಕೂಡಿದರೆ ಸಾಕು; ಅವಕಾಶದ ದಿನಗಳು ಅದರಲ್ಲಿಯೇ ಸೇರಿಕೊಳ್ಳುತ್ತವೆ.

ನಿಯಮಿತವಾಗಿ ಮುಟ್ಟಾಗುವ, 35 ವರ್ಷದೊಳಗಿನ ಮಹಿಳೆಯು ಒಂದು ವರ್ಷ ಪ್ರಯತ್ನಿಸಿ ವೈದ್ಯರನ್ನು ಕಾಣಬಹುದು. 35 ದಾಟಿದವರು ಆರು ತಿಂಗಳಲ್ಲಿ ಕಾಣಬೇಕು. ಆದರೆ ಚಕ್ರವು 21 ದಿನಗಳಿಗಿಂತ ಕಡಿಮೆ ಅಥವಾ 35 ದಿನಗಳಿಗಿಂತ ಹೆಚ್ಚಿದ್ದರೆ, ಇಲ್ಲವೆ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಬಾರಿ ಮುಟ್ಟಾಗುತ್ತಿದ್ದರೆ ಕಾಯಬಾರದು. 90 ದಿನ ಮೀರಿಯೂ ಮುಟ್ಟಾಗದಿದ್ದರೆ, ಮಗು ಬೇಕಿರಲಿ ಬೇಡದಿರಲಿ, ವೈದ್ಯರನ್ನು ಕಾಣಬೇಕು.

ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10ರಷ್ಟು ಇಳಿಕೆಯೂ ಅಂಡೋತ್ಪತ್ತಿಗೆ ನೆರವಾಗುತ್ತದೆ. ಅಂದರೆ 70 ಕೆ.ಜಿ. ತೂಕದವರಿಗೆ ಮೂರೂವರೆಯಿಂದ ಏಳು ಕೆ.ಜಿ. ಔಷಧಗಳಲ್ಲಿ ಇಂದು ಮೊದಲ ಆಯ್ಕೆ ಲೆಟ್ರೊಜೋಲ್. ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ಭಾರತದಲ್ಲಿ 2011ರಲ್ಲಿ ನಿಷೇಧಿಸಿ, 2017ರಲ್ಲಿ ನಿಷೇಧ ತೆರವುಗೊಳಿಸಲಾಯಿತು. ಹಳೆಯ ಸುದ್ದಿ ಕೇಳಿ ಹೆದರಬೇಕಿಲ್ಲ. ಆದರೆ ವೈದ್ಯರ ಚೀಟಿ ಮತ್ತು ನಿಗಾ ಇಲ್ಲದೆ ಇದನ್ನು ಸೇವಿಸಬಾರದು. ಗರ್ಭಧಾರಣೆಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸುವುದು, ರಕ್ತದ ಸಕ್ಕರೆ ಹಾಗೂ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳಿತು.

ಗಂಡನ ವೀರ್ಯಪರೀಕ್ಷೆಯೂ ಆರಂಭದಲ್ಲಿಯೇ ಆಗಬೇಕು. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಸರಳವಾದ ಈ ಒಂದು ಪರೀಕ್ಷೆಯನ್ನು ಬಿಟ್ಟು ಹೆಂಡತಿಯೊಬ್ಬಳೇ ವರ್ಷಗಟ್ಟಲೆ ಉಷ್ಣತೆ ಅಳೆಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಸದಸ್ಯರ ಪಾತ್ರ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಸಮುದಾಯ ಆರೋಗ್ಯಾಧಿಕಾರಿಯಿಂದ ಮಾಹಿತಿ ಕೊಡಿಸಬಹುದು. ಯಾವ ಮನೆಯ ಹೆಸರನ್ನೂ ಸಭೆಯಲ್ಲಿ ಎತ್ತಬಾರದು, ಪಟ್ಟಿ ಮಾಡಬಾರದು. ನೆರವು ಕೇಳಿ ಬಂದವರನ್ನು ಆಶಾ ಕಾರ್ಯಕರ್ತೆಯ ಮೂಲಕ ದಂಪತಿಯಾಗಿಯೇ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಬೇಕು. ಆರೋಗ್ಯ ಸಲಹೆಗೆ 104 ಸಹಾಯವಾಣಿಯೂ ಇದೆ.

ಮಕ್ಕಳಾಗಲಿಲ್ಲವೆಂದು ಹೀಯಾಳಿಸುವುದನ್ನು ಮನೆಯೊಳಗಿನ ಮಾತೆಂದು ಬಿಡುವಂತಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ 3ನೇ ಪ್ರಕರಣವು ಮಗು ಇಲ್ಲದಿರುವ ಅಥವಾ ಗಂಡುಮಗು ಇಲ್ಲದಿರುವ ಕಾರಣಕ್ಕೆ ಮಾಡುವ ಅವಮಾನ, ಗೇಲಿಯನ್ನು ಮಾತಿನ ಹಾಗೂ ಭಾವನಾತ್ಮಕ ಹಿಂಸೆಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಇಂತಹ ದೂರು ಬಂದಾಗ 181 ಮಹಿಳಾ ಸಹಾಯವಾಣಿಯ ಮಾಹಿತಿ ನೀಡಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಗಮನಕ್ಕೆ ತರಬೇಕು. ಎರಡನೇ ಮದುವೆಯ ಮಾತಿಗೆ ಪಂಚರಾಗಿ ಕುಳಿತುಕೊಳ್ಳುವ ಬದಲು, ಇಬ್ಬರ ತಪಾಸಣೆಯೂ ಆಗಿದೆಯೇ ಎಂಬ ಒಂದು ಪ್ರಶ್ನೆಯನ್ನು ಸದಸ್ಯರು ಕೇಳಿದರೆ ಎಷ್ಟೋ ಸಂಸಾರಗಳು ಉಳಿಯುತ್ತವೆ.