ಸೊಂಟ ನೋವು ಬರೀ ಬೀಮ್ ಲೆಕ್ಕ ಅಲ್ಲ

ಕಳೆದ ಸಂಕ್ರಾಂತಿ ರಜೆಗೆ ನಾವು ಮೂವರು ರೂಮ್‌ಮೇಟ್ಸ್ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಗೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಅಜ್ಜಿ ಮನೆ ಅಲ್ಲಿದೆ. ಅಜ್ಜಿಗೆ ಮಳೆಗಾಲದಿಂದ ಸೊಂಟ ನೋವು. ಹೊಲದಲ್ಲಿ ಕಳೆ ಕೀಳೋದು ನಿಂತಿತ್ತು, ಡೈರಿಗೆ ಹಾಲು ಹಾಕೋಕೆ ಹೋಗೋದೂ ನಿಂತಿತ್ತು. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಡಿಸ್ಕ್ ಸವೆದಿದೆ ಅಂತ ಬರೆದಿತ್ತು. ನಾವು ಆಗಷ್ಟೇ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪರೀಕ್ಷೆ ಬರೆದು ಬಂದವರು. "ಅಜ್ಜಿ, ಇನ್ಮೇಲೆ ಬಗ್ಗಲೇಬೇಡಿ, ಬಿಂದಿಗೆ ಮುಟ್ಟಬೇಡಿ" ಅಂತ ಹೇಳಿ, ಮೆಡಿಕಲ್ ಸ್ಟೋರ್‌ನಿಂದ ಸೊಂಟದ ಬೆಲ್ಟ್ ಬೇರೆ ತಂದುಕೊಟ್ವಿ. ಪ್ರೀತಿಯಿಂದ ಮಾಡಿದ್ದೇ. ಆದ್ರೆ ತಪ್ಪು ಮಾಡಿದ್ವಿ.

ಮೊದಲು ಆ ಸವೆತದ ವಿಷಯ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಅದರ ಪ್ರಕಾರ 20 ವರ್ಷದವರಲ್ಲೇ ಸುಮಾರು 37% ಜನರಿಗೆ ಡಿಸ್ಕ್ ಸವೆತ ಇರುತ್ತೆ, 80 ವರ್ಷದವರಲ್ಲಿ 96%. ಅಂದ್ರೆ ಸವೆತ ಬಹುಮಟ್ಟಿಗೆ ಕೂದಲು ನೆರೆತ ಹಾಗೆ. ನೋವಿಗೆ ಅದೊಂದೇ ಕಾರಣ ಅಂತ ಹೇಳೋಕಾಗಲ್ಲ.

ಇನ್ನೊಂದು, ಸೊಂಟ ಸ್ಟೀಲ್ ಬೀಮ್ ಅಲ್ಲ. ಸ್ಟೀಲ್ ಮೇಲೆ ಮತ್ತೆ ಮತ್ತೆ ಭಾರ ಬಿದ್ರೆ ಅದು ದಣಿದು ಬಿರುಕು ಬಿಡುತ್ತೆ. ಮೂಳೆ, ಸ್ನಾಯು ಹಾಗಲ್ಲ. ಭಾರವನ್ನ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದ್ರೆ ಗಟ್ಟಿಯಾಗುತ್ತೆ, ಸುಮ್ನೆ ಮಲಗಿದ್ರೆ ಸೊರಗುತ್ತೆ. ಇನ್ನು ನೋವು ಅನ್ನೋದು ಮೆದುಳು ಬಾರಿಸೋ ಅಲಾರಾಂ. ಭಯ, ನಿದ್ದೆಗೇಡು, ಒಂಟಿತನ ಇದ್ರೆ ಆಂಪ್ಲಿಫೈಯರ್‌ನ ಗೇನ್ ಜಾಸ್ತಿ ಮಾಡಿದ ಹಾಗೆ, ಚಿಕ್ಕ ಸಿಗ್ನಲ್‌ಗೂ ಜೋರಾಗಿ ಹೊಡ್ಕೊಳ್ಳುತ್ತೆ. ನೋವು ನಿಜವಾದದ್ದೇ, ನಾಟಕ ಅಲ್ಲ.

ಕಾಯಿಲೆಯನ್ನ ದೇಹ, ಮನಸ್ಸು, ಸುತ್ತಲಿನ ಜನ ಮೂರನ್ನೂ ಸೇರಿಸಿ ನೋಡಬೇಕು ಅಂತ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಬರೆದರು. 1987ರಲ್ಲಿ ಸ್ಕಾಟ್ಲೆಂಡ್‌ನ ಮೂಳೆ ಸರ್ಜನ್ ಗಾರ್ಡನ್ ವಾಡೆಲ್ ಅದನ್ನೇ ಸೊಂಟ ನೋವಿಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 2020ರಲ್ಲಿ ಜಗತ್ತಿನ 13 ಜನರಲ್ಲಿ ಒಬ್ಬರಿಗೆ ಸೊಂಟ ನೋವಿತ್ತು. ದೀರ್ಘಕಾಲದ ಸೊಂಟ ನೋವಿಗೆ ಅದು 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಚಿಕಿತ್ಸೆ ಎಲ್ಲಾ ಇದೆ. ಬೆಲ್ಟ್ ಬೇಡ ಅಂತಲೂ ಇದೆ!

ಫೆಬ್ರವರಿಯಲ್ಲಿ ಅಜ್ಜಿಯನ್ನ ಹಾಸನದ ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಕರ್ಕೊಂಡು ಹೋದ್ವಿ. ಅವರು ಸೊಂಟ, ಕಾಲು ಪರೀಕ್ಷೆ ಮಾಡಿದ ಮೇಲೆ ನಿದ್ದೆ ಹೇಗಿದೆ, ಮನೇಲಿ ಯಾರಿದ್ದಾರೆ, ಬಗ್ಗೋಕೆ ಏನು ಭಯ ಅಂತ ಕೇಳಿದ್ರು. ಅಜ್ಜಿ ಅಂದ್ರು: "ಬಗ್ಗುದ್ರೆ ಮುರ್ದೋಯ್ತದೆ ಅಂತಾರೆ ಕಣವ್ವ. ಬಿದ್ರೆ ಎತ್ತಕ್ಕೆ ಮನೇಲಿ ಯಾರವ್ರೆ?" ನಾವು ತಲೆ ತಗ್ಗಿಸಿದ್ವಿ. ಮಗ ಬೆಂಗಳೂರಲ್ಲಿ, ಮೊಮ್ಮಗ ಹಾಸ್ಟೆಲ್‌ನಲ್ಲಿ. ಮುರಿಯುತ್ತೆ ಅಂದವರಲ್ಲಿ ನಾವೂ ಸೇರಿದ್ವಿ.

ಚಿಕಿತ್ಸೆ ಸರಳವಾಗಿತ್ತು. ಮೊದಲು ಕುರ್ಚಿಯಿಂದ ಎದ್ದು ಕೂರೋದು, ಆಮೇಲೆ ಬಗ್ಗಿ ಮಣೆ ಮುಟ್ಟೋದು, ಆಮೇಲೆ ಅರ್ಧ ಬಿಂದಿಗೆ ಎತ್ತೋದು. ಬಗ್ಗುವಾಗ ಉಸಿರು ಬಿಗಿ ಹಿಡಿಯದೆ ನಿಧಾನವಾಗಿ ಬಿಡೋದು. ಬೆಳಿಗ್ಗೆ ಪಕ್ಕದ ಮನೆಯವರ ಜೊತೆ ಡೈರಿವರೆಗೂ ನಡೆಯೋದು; ಅಲ್ಲಿ ನಾಲ್ಕು ಜನ ಮಾತಿಗೆ ಸಿಗ್ತಾರೆ. ಮಗನಿಗೂ ಒಂದು ಹೋಮ್‌ವರ್ಕ್: ಫೋನ್ ಮಾಡಿದಾಗ "ನೋವು ಹೆಂಗೈತೆ" ಬದಲು "ಇವತ್ತು ಏನೇನ್ ಮಾಡ್ದೆ" ಅಂತ ಕೇಳೋದು.

ನೋವು ಪೂರ್ತಿ ಹೋಗಿಲ್ಲ. ಆದ್ರೆ ಈಗ ಅಜ್ಜಿ ಬಗ್ಗಿ ಹಿತ್ತಲ ಸೊಪ್ಪು ಕೀಳ್ತಾರೆ, ರಾತ್ರಿ ನಿದ್ದೆ ಮಾಡ್ತಾರೆ. ಬೆಲ್ಟ್ ಮೂಲೆ ಸೇರಿದೆ.

ಒಂದು ಎಚ್ಚರಿಕೆ: ಕಾಲಿನ ಶಕ್ತಿ ಕುಂದಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಮೂತ್ರ ಹಿಡಿತಕ್ಕೆ ಸಿಗದಿದ್ರೆ, ಜ್ವರ ಇದ್ರೆ, ಬಿದ್ದು ಪೆಟ್ಟಾಗಿದ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ. ಉಳಿದಂತೆ, ಸೆಮ್ ಪರೀಕ್ಷೆ ಟೈಮಲ್ಲಿ ಸೊಂಟ ಹಿಡ್ಕೊಂಡ್ರೆ ಕುರ್ಚಿಯನ್ನ ಬೈಯೋ ಮುಂಚೆ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀವಿ ಅಂತ ಲೆಕ್ಕ ಹಾಕೋಣ. ಮನೆಗೆ ಫೋನ್ ಮಾಡಿದಾಗ, ಊರಲ್ಲಿರೋ ಅಜ್ಜಿ ತಾತಂಗೆ "ಬಗ್ಗಬೇಡಿ" ಅನ್ನೋ ಮುಂಚೆ ಇವತ್ತು ಏನೇನ್ ಮಾಡಿದ್ರಿ ಅಂತ ಕೇಳೋಣ.